ಉಬ್ಬಸದವನು ಹೂಡಿದ ಒಲೆಗಳು

ನಾನು ಅಡುಗೆಯವನು. ಉಬ್ಬಸದವನೂ ಹೌದು. ಇವೆರಡೂ ಒಂದೇ ಮೈಯಲ್ಲಿ ಇರಕೂಡದು ಎಂದು ನನಗೆ ಬುದ್ಧಿ ಹೇಳಿದವರಿಗೆ ಲೆಕ್ಕವಿಲ್ಲ. ಹಾಗೆ ಹೇಳಿದವರಲ್ಲಿ ಬಹಳ ಮಂದಿ ಮುಂದೆ ತಮ್ಮ ಮನೆಯ ಮದುವೆ ಮುಂಜಿಗೆ ನನ್ನನ್ನೇ ಕರೆಸಿದರು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಷ್ಟು ವಯಸ್ಸಾದ ಮೇಲೂ ಜಂಬ ಪಡದಿದ್ದರೆ ಇನ್ನು ಯಾವಾಗ ಪಡುವುದು?

ಈಗ ಸೌಟು ಕೆಳಗಿಟ್ಟು ಗಿರಿನಗರದಲ್ಲಿ ಮಗಳ ಮನೆಯಲ್ಲಿ ಆರಾಮವಾಗಿ ಕೂತಿದ್ದೇನೆ. ಹೊಸದಾಗಿ ಕೇಟರಿಂಗ್ ಶುರುಮಾಡಿದವರು ಆಗಾಗ ಬಂದು ಹೋಳಿಗೆಯ ಕಣಕ ಎಷ್ಟು ಹೊತ್ತು ನೆನೆಯಬೇಕು, ಚಿರೋಟಿ ಪದರ ಬಿಡಲು ಏನು ಮಾಡಬೇಕು ಎಂದು ಕೇಳುತ್ತಾರೆ. ಹೇಳಿ ಕಳಿಸುತ್ತೇನೆ. ಅದೆಲ್ಲ ಅಡುಗೆ ಪುಸ್ತಕದಲ್ಲೂ ಸಿಗುತ್ತದೆ. ಪುಸ್ತಕದಲ್ಲಿ ಸಿಗದಿರುವುದು ಒಲೆಯ ಮುಂದೆ ಉಸಿರಾಡುವ ವಿದ್ಯೆ. ನಿಮ್ಮದು ಗ್ಯಾಸಿನ ಕಾಲ, ಒಪ್ಪಿದೆ. ಆದರೆ ಮೆಣಸಿನಕಾಯಿಯ ಘಾಟು ಸೌದೆ ಒಲೆಯೆಂದೋ ಗ್ಯಾಸಿನ ಒಲೆಯೆಂದೋ ನೋಡಿ ಏಳುವುದಿಲ್ಲ. ಎದೆಯಲ್ಲಿ ಸೀಟಿ ಹೊಡೆಯುವವರು ನಿಮ್ಮಲ್ಲೂ ಇದ್ದೇ ಇರುತ್ತಾರೆ. ಮುಖ್ಯವಾಗಿ ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕನಕಪುರದ ಕಡೆಯವನು. ಐವತ್ತರ ದಶಕದಲ್ಲಿ ಬೆಂಗಳೂರಿಗೆ ಬಂದು ಶಾಮಭಟ್ಟರ ತಂಡಕ್ಕೆ ಸೇರಿಕೊಂಡೆ. ಭಟ್ಟರ ಮನೆ ಕನಕನಪಾಳ್ಯದ ಒಂದು ವಠಾರದಲ್ಲಿತ್ತು. ಅದರಾಚೆಗೆ ಜಯನಗರ ಆಗಷ್ಟೇ ಏಳುತ್ತಿತ್ತು. ಎತ್ತ ನೋಡಿದರೂ ಕಲ್ಲಿನ ರಾಶಿ, ಸುಣ್ಣದ ಗುಂಡಿ, ಅರ್ಧ ಎದ್ದ ಗೋಡೆ, ನಡುವೆ ರಾಗಿ ಹೊಲ. ಮನೆ ಎದ್ದ ಮೇಲೆ ಗೃಹಪ್ರವೇಶ ಆಗಲೇಬೇಕು, ಗೃಹಪ್ರವೇಶ ಎಂದ ಮೇಲೆ ಊಟ ಹಾಕಿಸಲೇಬೇಕು. ಮುಹೂರ್ತದ ತಿಂಗಳು ಬಂತೆಂದರೆ ನಮಗೆ ಪುರಸೊತ್ತೇ ಇರುತ್ತಿರಲಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ನೆಲ ಅಗೆದು, ಕಲ್ಲು ಜೋಡಿಸಿ ಉದ್ದನೆಯ ಒಲೆ ಹೂಡುವುದು ನನ್ನ ಪಾಲಿನ ಕೆಲಸ. ಇವತ್ತು ಜಯನಗರದ ರಸ್ತೆಗಳಲ್ಲಿ ಆಟೋದಲ್ಲಿ ಹೋಗುವಾಗ, ಈ ಮನೆಯ ಪಕ್ಕ ಒಲೆ ಹೂಡಿದ್ದೆ, ಆ ಮನೆಯ ಹಿಂದೆ ಹೂಡಿದ್ದೆ ಎಂದು ಮಗಳಿಗೆ ತೋರಿಸುತ್ತೇನೆ. ಅವಳಿಗೆ ಕೇಳಿ ಕೇಳಿ ಸಾಕಾಗಿದೆ.

ಶಾಮಭಟ್ಟರ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಸಣಕಲು ಆಳು, ಕಿವಿಯ ಮೇಲೆ ಕೂದಲು, ಗಂಟಲು ಮಾತ್ರ ದೊಡ್ಡದು. ಸಾರಿನ ಕುದಿ ಕೇಳಿಯೇ ಉಪ್ಪು ಹಾಕುವ ಹದ ಹೇಳುತ್ತಿದ್ದರು. ಬಾಯಲ್ಲಿಟ್ಟು ರುಚಿ ನೋಡುವ ಮಾತೇ ಇಲ್ಲ. ದೇವರಿಗೆ ನೈವೇದ್ಯ ಆಗುವ ತನಕ ಅಡುಗೆಯವನ ಬಾಯಿಗೆ ಒಂದು ಹನಿ ನೀರೂ ಬೀಳಬಾರದು ಎಂಬುದು ಅವರ ನಿಯಮ. ನಮ್ಮ ಕಸುಬಿನ ಬೇರೆಯವರೂ ಈ ನಿಯಮ ಹೇಳುತ್ತಿದ್ದರು, ಆದರೆ ಮರೆಯಲ್ಲಿ ಹೋಗಿ ಒಂದು ಲೋಟ ಕಾಫಿ ಇಳಿಸಿ ಬಾಯಿ ಒರೆಸಿಕೊಂಡು ಬರುತ್ತಿದ್ದರು. ಭಟ್ಟರು ಮಾತ್ರ ಹಾಗಲ್ಲ. ಅವರ ಶಿಷ್ಯನಾದ್ದರಿಂದ ನಾನೂ ಹಾಗಲ್ಲ.

ಉಬ್ಬಸ ನನಗೆ ಅಂಟಿಕೊಂಡದ್ದು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ. ಆಗ ನಾವು ತಣ್ಣೀರಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಒಲೆಯ ಮುಂದೆ ಕೂರಬೇಕಿತ್ತು. ಅದೇ ಮಡಿ. ಬೆನ್ನಿಗೆ ಮಾರ್ಗಶಿರದ ಚಳಿ, ಎದೆಗೆ ಬೆಂಕಿ, ಮೂಗಿಗೆ ಹೊಗೆ. ಒಂದು ಬೆಳಿಗ್ಗೆ ಹಂಡೆಗೆ ಬೇಳೆ ಸುರಿಯುತ್ತಿದ್ದವನಿಗೆ ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಉಬ್ಬಸ ಇಲ್ಲದವರು ನಮಗೆ ಉಸಿರು ಎಳೆದುಕೊಳ್ಳಲು ಕಷ್ಟ ಎಂದುಕೊಂಡಿದ್ದಾರೆ. ಹಾಗಲ್ಲ, ಎಳೆದುಕೊಂಡದ್ದನ್ನು ಬಿಡಲು ಕಷ್ಟ. ತುಂಬಿದ ಚೀಲದ ಬಾಯಿಯನ್ನು ಯಾರೋ ಬಿಗಿಯಾಗಿ ಹಿಡಿದ ಹಾಗೆ ಆಗುತ್ತದೆ. ಆಮೇಲೆ ಸಣ್ಣಗೆ ಸೀಟಿ ಶುರುವಾಗುತ್ತದೆ.

ಆ ಸೀಟಿ ಕೇಳಿ ಭಟ್ಟರು ಒಲೆಯ ಆ ಕಡೆಯಿಂದ ಕೂಗಿದರು: "ಯಾವನೋ ಅದು ಕೊಳಲು ಊದ್ತಿರೋನು? ಓಲಗದೋರು ಇನ್ನೂ ಬಂದಿಲ್ಲ ಕಣ್ರೋ!"

ಎಲ್ಲರೂ ನಕ್ಕರು. ಉಸಿರಿದ್ದಿದ್ದರೆ ನಾನೂ ನಗುತ್ತಿದ್ದೆ. ಅಲ್ಲಿಂದ ಮುಂದೆ ನನ್ನ ಎದೆಗೆ ಕೊಳಲು ಎಂದೇ ಹೆಸರಾಯಿತು. "ಇವತ್ತು ಕೊಳಲು ಹೇಗಿದೆ?" ಎಂದು ಕೇಳಿಯೇ ಭಟ್ಟರು ನನ್ನನ್ನು ಯಾವ ಒಲೆಗೆ ಹಾಕಬೇಕು ಎಂದು ತೀರ್ಮಾನ ಮಾಡುತ್ತಿದ್ದರು.

ನಗೆಚಾಟಿಕೆ ನಮ್ಮೊಳಗೆ ಸರಿ. ಹೊರಗಿನವರ ಕಿವಿಗೆ ಈ ಸೀಟಿ ಬೀಳಬಾರದು ಎಂಬ ಭಯ ನನ್ನನ್ನು ಕೊರೆಯುತ್ತಿತ್ತು. ಕಾರಣ ನಿಮಗೆ ಈಗ ಅರ್ಥವಾಗಲಿಕ್ಕಿಲ್ಲ. ಆಗ ಕ್ಷಯ ಎಂದರೆ ಜನ ಬೀದಿ ಬದಲಿಸಿ ನಡೆಯುತ್ತಿದ್ದ ಕಾಲ. ಎದೆಯಿಂದ ಶಬ್ದ ಬರುವವನು, ಕೆಮ್ಮುವವನು, ಸಣಕಲಾಗಿರುವವನು ಎಲ್ಲರೂ ಅವರ ಕಣ್ಣಿಗೆ ಕ್ಷಯದವರೇ. ಕ್ಷಯ ಇರುವವನು ಗುಮಾಸ್ತನಾಗಿದ್ದರೆ ರಜೆ ಹಾಕಬಹುದು. ಅಡುಗೆಯವನಾಗಿದ್ದರೆ ಅವನ ಕೈಯ ಅನ್ನ ಯಾರು ಉಣ್ಣುತ್ತಾರೆ? ಒಂದು ಮದುವೆ ಮನೆಯಲ್ಲಿ ಒಬ್ಬರ ಬಾಯಿಂದ ಆ ಮಾತು ಬಿದ್ದರೆ ಸಾಕು, ಸಾಯಂಕಾಲದೊಳಗೆ ಬಸವನಗುಡಿಯ ಎಲ್ಲ ಜಗುಲಿಗಳಿಗೂ ಮುಟ್ಟುತ್ತದೆ. ನನಗೆ ಬೇರೆ ಕಸುಬು ಗೊತ್ತಿರಲಿಲ್ಲ. ಗೊತ್ತಿದ್ದರೂ ಬೇಕಿರಲಿಲ್ಲ. ದೊಡ್ಡ ಹಂಡೆಯ ಹುಳಿ ಕುದಿ ಬಂದು ಇಂಗಿನ ಪರಿಮಳ ಬೀದಿಗೆ ಹೋದಾಗ ದಾರಿಹೋಕರು ತಲೆಯೆತ್ತಿ ನೋಡುತ್ತಾರಲ್ಲ, ಆ ಸುಖಕ್ಕೆ ನಾನು ಬಿದ್ದುಹೋಗಿದ್ದೆ.

ಆದ್ದರಿಂದ ಉಬ್ಬಸದ ಜೊತೆ ಬಾಳ್ವೆ ಮಾಡುವುದನ್ನು ಕಲಿತೆ. ಮೊದಲು ಕಲಿತದ್ದು ಗಾಳಿಯನ್ನು. ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಪಡುವಣದಿಂದ, ಚಳಿಗಾಲದ ಗಾಳಿ ಮೂಡಣದಿಂದ. ಹಿಂದಿನ ದಿನವೇ ಸೈಟಿಗೆ ಹೋಗಿ ಒಂದು ಹಿಡಿ ಒಣಮಣ್ಣು ಎತ್ತಿ ಬಿಟ್ಟು ನೋಡುತ್ತಿದ್ದೆ. ಮಣ್ಣು ಯಾವ ಕಡೆ ಹೋಗುತ್ತದೋ ಹೊಗೆಯೂ ಆ ಕಡೆಗೇ. ಗಾಳಿ ನಮ್ಮ ಬೆನ್ನಿಗೆ ಬರುವಂತೆ ಒಲೆ ಹೂಡುತ್ತಿದ್ದೆ. ಪುರೋಹಿತರು ಬಂದು, ಒಲೆ ಆಗ್ನೇಯ ಮೂಲೆಯಲ್ಲೇ ಇರಬೇಕು ಎಂದು ತಕರಾರು ತೆಗೆಯುತ್ತಿದ್ದರು. ಚಳಿಗಾಲದಲ್ಲಿ ಅಲ್ಲಿ ಒಲೆ ಹೂಡಿದರೆ ಹೊಗೆಯೆಲ್ಲ ನೇರ ಹೋಮದ ಕೋಣೆಗೆ. ನಾನು ವಾದ ಮಾಡುತ್ತಿರಲಿಲ್ಲ, ಒಂದು ಹಿಡಿ ಹುಲ್ಲು ಅಲ್ಲಿ ಹೊತ್ತಿಸಿ ಸುಮ್ಮನೆ ನಿಲ್ಲುತ್ತಿದ್ದೆ. ಪುರೋಹಿತರೇ ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬಂದು, "ಎಲ್ಲಾದ್ರೂ ಹೂಡಿ ಮಾರಾಯ್ರೆ" ಎನ್ನುತ್ತಿದ್ದರು.

ಆಮೇಲೆ ಸೌದೆ. ಒಣಗಿದ ಸರ್ವೆ ಸೌದೆಗೆ ಹೊಗೆ ಕಡಿಮೆ, ಉರಿ ಚೆನ್ನ. ಹಸಿ ಮಾವು ತಂದು ಹಾಕಿದರೆ ಉಬ್ಬಸ ಇಲ್ಲದವನಿಗೂ ಬಂದುಬಿಡುತ್ತದೆ. ಸೌದೆ ಡಿಪೋಗೆ ನಾನೇ ಹೋಗಿ, ಒಂದಕ್ಕೊಂದು ತಟ್ಟಿ ಶಬ್ದ ಕೇಳಿ ಆರಿಸುತ್ತಿದ್ದೆ. ಟಣ್ ಎಂದರೆ ಒಣಗಿದೆ, ಮೊದ್ದು ಶಬ್ದ ಬಂದರೆ ಹಸಿ. ಮೆಣಸಿನಕಾಯಿ ಹುರಿಯುವ ಕೆಲಸವನ್ನು ಹಿಂದಿನ ದಿನವೇ, ಬಯಲಲ್ಲಿ, ಬಾಣಲೆಗೆ ನಾಲ್ಕು ಹನಿ ಹರಳೆಣ್ಣೆ ಬಿಟ್ಟು ಮುಗಿಸಿಕೊಳ್ಳುತ್ತಿದ್ದೆ. ಹರಳೆಣ್ಣೆ ಬಿದ್ದರೆ ಘಾಟು ಏಳುವುದಿಲ್ಲ. ಇದನ್ನು ನೀವು ಇವತ್ತೂ ಮಾಡಬಹುದು.

ಎಡವಟ್ಟುಗಳೂ ಆದವು. ಒಮ್ಮೆ ನನ್ನ ಬುದ್ಧಿವಂತಿಕೆ ಹೆಚ್ಚಾಗಿ, ಒದ್ದೆ ಟವೆಲನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು ಒಲೆಯ ಮುಂದೆ ನಿಂತೆ. ಹೊಗೆ ಬರಲಿಲ್ಲ, ನಿಜ. ವಾಸನೆಯೂ ಬರಲಿಲ್ಲ. ಬಾಯಿಗೆ ಇಟ್ಟು ನೋಡುವಂತಿಲ್ಲದ ಅಡುಗೆಯವನಿಗೆ ಮೂಗೇ ನಾಲಿಗೆ. ಗಸಗಸೆ ಪಾಯಸ ತಳ ಹಿಡಿದದ್ದು ನನಗೊಬ್ಬನಿಗೆ ಬಿಟ್ಟು ಇಡೀ ಬೀದಿಗೆ ಗೊತ್ತಾಯಿತು. ಭಟ್ಟರು ಓಡಿ ಬಂದು ಟವೆಲ್ ಕಿತ್ತು, "ಕಳ್ಳತನಕ್ಕೆ ಹೊರಟಿದ್ದೀಯೇನೋ ಮುಖ ಮುಚ್ಚಿಕೊಂಡು?" ಎಂದು ಬೈದರು. ಆ ಪಾಯಸ ಎಮ್ಮೆಗೆ ಹೋಯಿತು. ಮತ್ತೆಂದೂ ಮೂಗು ಮುಚ್ಚಿಕೊಳ್ಳಲಿಲ್ಲ.

ಒದ್ದೆ ಪಂಚೆಯ ಸಮಸ್ಯೆಯನ್ನು ಬಗೆಹರಿಸಿದ್ದು ನನ್ನ ಹೆಂಡತಿ ಜಾನಕಿ. ಒಗೆದ ಪಂಚೆಯನ್ನು ಸೂರಿನ ಎತ್ತರದಲ್ಲಿ ಕಟ್ಟಿದ ಗಳದ ಮೇಲೆ ಕೋಲಿನಿಂದ ಹರವಿ, ಯಾರೂ ಮುಟ್ಟದಂತೆ ಒಣಗಿಸಿ, ಕೋಲಿನಿಂದಲೇ ಇಳಿಸಿ ಕೊಡಲು ಶುರುಮಾಡಿದಳು. "ಮುಟ್ಟದೆ ಒಣಗಿಸಿದ್ದೂ ಮಡಿನೇ ಅಲ್ವೇ? ಹೋಗಿ ನಿಮ್ಮ ಭಟ್ರನ್ನ ಕೇಳಿ," ಎಂದಳು. ಭಟ್ಟರು ಬಹಳ ಹೊತ್ತು ಯೋಚಿಸಿ, "ನಿನ್ನ ಹೆಂಡ್ತಿ ನನಗಿಂತ ಶಾಸ್ತ್ರ ತಿಳ್ಕೊಂಡಿದಾಳೆ, ನಡಿ," ಎಂದರು. ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ನಮ್ಮ ತಂಡದವರೆಲ್ಲ ಒಣಗಿದ ಮಡಿಗೇ ಬಂದುಬಿಟ್ಟರು. ಉಬ್ಬಸ ನನಗಿದ್ದರೂ ಬೆಚ್ಚಗಾದದ್ದು ಎಲ್ಲರ ಬೆನ್ನೂ.

ಬಿಳೇಕಹಳ್ಳಿಯ ತಿಮ್ಮೇಗೌಡರನ್ನೂ ನೆನೆಯಬೇಕು. ಅವರ ಮಗ ಜಯನಗರದಲ್ಲಿ ಕಟ್ಟಿದ ಮನೆಯ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಗೌಡರು ಜನರಿಂದ ದೂರ ಬಂದು ನನ್ನ ಒಲೆಯ ಗಾಳಿ ಬರುವ ಕಡೆ ಒಂದು ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತು ನನ್ನನ್ನೇ ಗಮನಿಸಿದರು.

"ಏನ್ ಸ್ವಾಮಿ, ನಿಮ್ಗೂ ದಮ್ಮಾ?"

ನಾನು ಸುತ್ತ ನೋಡಿ ತಲೆಯಾಡಿಸಿದೆ.

"ಅದ್ಯಾಕೆ ಕಳ್ಳನಂಗೆ ನೋಡ್ತೀರಿ? ನಂಗೂ ಐತೆ. ಕಣ ಮಾಡೋ ಕಾಲ ಬಂತು ಅಂದ್ರೆ ಮುಗೀತು, ರಾಗಿ ಧೂಳಿಗೆ ಒಂದು ವಾರ ಮಲಗೇಬಿಡ್ತಿದ್ದೆ. ಈಗ ತೂರೋವಾಗ ಗಾಳಿ ಬರೋ ಕಡೆ ನಿಂತ್ಕೋತೀನಿ. ದಮ್ಮು ಕಟ್ತು ಅಂದ್ರೆ ಮಲಗಬ್ಯಾಡಿ, ಮುಂದಕ್ಕೆ ಬಗ್ಗಿ, ಮೊಣಕಾಲ್ ಮ್ಯಾಲೆ ಕೈ ಊರಿ. ಒಲೆ ಊದ್ತೀರಲ್ಲ ಕೊಳವೇಲಿ, ಹಂಗೆ ತುಟಿ ಸಣ್ಣ ಮಾಡ್ಕೊಂಡು ಮೆಲ್ಲಗೆ ಬಿಡಿ. ಆತ್ರ ಬೀಳಬ್ಯಾಡಿ."

ಅಲ್ಲೇ ಮಾಡಿ ನೋಡಿದೆ. ಉಸಿರು ಎಳೆ ಎಳೆಯಾಗಿ ಹೊರಗೆ ಹೋಯಿತು. ದಿನವೂ ಕೈಯಲ್ಲಿ ಹಿಡಿಯುವ ಊದುಗೊಳವೆಯಲ್ಲಿ ನನ್ನ ಔಷಧ ಇದೆ ಎಂದು ನನಗೆ ಹೊಳೆದಿರಲಿಲ್ಲ. ಬಡಿಸುವಾಗ ಗೌಡರ ಎಲೆಗೆ ಹೋಳಿಗೆಯ ಮೇಲೆ ತುಪ್ಪವನ್ನು ಧಾರಾಳವಾಗಿಯೇ ಸುರಿದೆ.

ಜಯನಗರದ ಒಬ್ಬ ಡಾಕ್ಟರಲ್ಲಿಗೆ ನನ್ನನ್ನು ಎಳೆದುಕೊಂಡು ಹೋದದ್ದೂ ಜಾನಕಿಯೇ. ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಎಕ್ಸ್‌ರೇ ಫೋಟೊ ತೆಗೆಸಿ ನೋಡಿ, "ಕ್ಷಯ ಅಲ್ಲವೇ ಅಲ್ಲ, ಉಬ್ಬಸ. ಯಾರಿಗೂ ಅಂಟೋದಿಲ್ಲ," ಎಂದರು. ಜಾನಕಿ ಅಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಡಾಕ್ಟರು ಮುಂದುವರಿಸಿದರು: "ಕೆಲಸ ಬದಲಾಯಿಸಿ. ಹೊಗೇಲಿ ನಿಂತು ಉಬ್ಬಸ ವಾಸಿ ಮಾಡಿ ಅಂದ್ರೆ ಹೇಗೆ ಮಾಡಲಿ?"

"ಡಾಕ್ಟ್ರೇ, ನೀವು ದಿನಾ ರೋಗಿಗಳ ಮಧ್ಯ ಇರ್ತೀರಿ, ನೀವು ಬಿಡ್ತೀರಾ?" ಎಂದೆ.

ಅವರು ನಕ್ಕು ಚೀಟಿ ಬರೆದರು. ಈಗಿನ ಹಾಗೆ ಜೇಬಿನಲ್ಲಿಟ್ಟುಕೊಂಡು ಬಾಯಿಗೆ ಹೊಡೆದುಕೊಳ್ಳುವ ಪಂಪು ಆಗ ನಮ್ಮ ಕಡೆ ಇರಲಿಲ್ಲ. ಸಣ್ಣ ಬಿಳಿ ಮಾತ್ರೆ, ಬಹಳ ಹೆಚ್ಚಾದರೆ ತೋಳಿಗೆ ಇಂಜೆಕ್ಷನ್ನು, ಅಷ್ಟೆ. ಇಂಜೆಕ್ಷನ್ ಬಿದ್ದರೆ ಉಸಿರು ಸಡಿಲವಾಗುತ್ತಿತ್ತು, ಆದರೆ ಎದೆ ಡವಡವ ಹೊಡೆದುಕೊಂಡು ಕೈ ನಡುಗುತ್ತಿತ್ತು. ಆ ಕೈಯಲ್ಲಿ ಚಿರೋಟಿ ಕರಿಯುವ ಹಾಗಿಲ್ಲ. "ಮಾತ್ರೇನ ಒಲೆ ಹಚ್ಚೋದಕ್ಕೆ ಮುಂಚೆ ತಗೋಬೇಕು," ಎಂದು ಡಾಕ್ಟರು ಒತ್ತಿ ಹೇಳಿದರು. "ಹೊಗೆ ಕುಡಿದ ಮೇಲೆ ತಗೊಂಡ್ರೆ ಅರ್ಧ ಪ್ರಯೋಜನ. ಹಾಲಿಲ್ಲದ ಗಟ್ಟಿ ಕಾಫಿ ಜೊತೆ ತಗೊಂಡ್ರೆ ಇನ್ನೂ ಒಳ್ಳೇದು."

ಇಲ್ಲಿ ಶುರುವಾಯಿತು ಪೇಚಾಟ. ಒಲೆ ಹಚ್ಚುವುದು ಬೆಳಗಿನ ಜಾವ, ನೈವೇದ್ಯ ಮಧ್ಯಾಹ್ನ. ಎದ್ದಾಗಿನಿಂದ ನೈವೇದ್ಯದ ತನಕ ಬಾಯಿಗೆ ನೀರೂ ಬೀಳಬಾರದು.

ಭಟ್ಟರಿಗೆ ಹೇಳಿದೆ. ಅವರು ಕುಂಬಳಕಾಯಿ ಹೆಚ್ಚುತ್ತಿದ್ದರು, ತಲೆಯೆತ್ತಲಿಲ್ಲ. "ನೈವೇದ್ಯ ಆಗ್ಲಿ ಕಣೋ, ಆಮೇಲೆ ನಿನ್ನಿಷ್ಟ. ಮಾತ್ರೇನಾದ್ರೂ ನುಂಗು, ಡಬ್ಬೀನಾದ್ರೂ ನುಂಗು."

"ಔಷಧ ಅಲ್ವೇ ಭಟ್ರೇ?"

"ಔಷಧ ಆದ್ರೇನು, ಬಾಯಿಂದಲೇ ತಾನೇ ಹೋಗೋದು? ನಮ್ಮಪ್ಪ ಜ್ವರದಲ್ಲಿ ಸುಡ್ತಾ ಇದ್ದಾಗಲೂ ಹಾಗೇ ಮಾಡಿದ್ರು. ನಾನೂ ಹಾಗೇ ಬಂದೋನು. ನೀನೂ ಹಾಗೇ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಕದ್ದು ನುಂಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನುಂಗಬಹುದಿತ್ತು. ಆದರೆ ನಾನೂ ಆ ನಿಯಮವನ್ನು ನಂಬಿದವನು. ದೇವರು ಮೊದಲು, ಅತಿಥಿ ಆಮೇಲೆ, ಅಡುಗೆಯವನು ಕೊನೆಗೆ ಎಂಬ ಸಾಲಿನಲ್ಲಿ ನನಗೊಂದು ಹೆಮ್ಮೆ ಇತ್ತು. ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಪಂಚೆಯ ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡು, ಗಾಳಿಯನ್ನೂ ಸರ್ವೆ ಸೌದೆಯನ್ನೂ ಗೌಡರು ಹೇಳಿಕೊಟ್ಟ ಊದುವಿಕೆಯನ್ನೂ ನಂಬಿಕೊಂಡು ಮಧ್ಯಾಹ್ನದ ತನಕ ತಳ್ಳುತ್ತಿದ್ದೆ. ನೈವೇದ್ಯದ ಗಂಟೆ ಕೇಳಿದ ಕೂಡಲೇ ನನ್ನಷ್ಟು ಭಕ್ತಿಯಿಂದ ಕೈಮುಗಿಯುತ್ತಿದ್ದವನು ಆ ಚಪ್ಪರದಲ್ಲಿ ಇನ್ನೊಬ್ಬ ಇರುತ್ತಿರಲಿಲ್ಲ.

ಹೀಗೆ ತಳ್ಳಿಕೊಂಡು ಬಂದದ್ದು ಒಂದು ಶ್ರಾವಣದಲ್ಲಿ ಕೈಕೊಟ್ಟಿತು. ಜಯನಗರದಲ್ಲಿ ಮಾಧವರಾಯರೆಂಬ ಎಂಜಿನಿಯರರ ಹೊಸ ಮನೆ. ರಾಯರು ಅಚ್ಚುಕಟ್ಟಿನ ಮನುಷ್ಯ, ಎಲ್ಲವನ್ನೂ ತಾವೇ ನಿಂತು ಮಾಡಿಸುವವರು. ಸೌದೆಯನ್ನೂ ತಾವೇ ತರಿಸಿ ಮನೆಯ ಮುಂದೆ ಬಯಲಲ್ಲಿ ಹಾಕಿಸಿದ್ದರು. ರಾತ್ರಿಯ ಜಡಿಮಳೆಗೆ ಅದೆಲ್ಲ ತೊಯ್ದು ತೊಪ್ಪೆಯಾಗಿತ್ತು. ಬೆಳಿಗ್ಗೆಯೂ ಮಳೆ ಬಿಡಲಿಲ್ಲ. ಬಯಲಲ್ಲಿ ಹೂಡಿದ್ದ ನನ್ನ ಒಲೆ ಕೆರೆಯಾಗಿ ಕೂತಿತ್ತು. ಬೇರೆ ದಾರಿ ಇಲ್ಲದೆ ಸಿಮೆಂಟ್ ಮೂಟೆ ಇಡಲು ಕಟ್ಟಿದ್ದ ತಗಡಿನ ಶೆಡ್ಡಿನೊಳಗೆ ಒಲೆ ಹೂಡಿದೆವು. ಮೇಲೆ ತಗಡು, ಮೂರು ಕಡೆ ತಗಡು, ನೆಲದ ತುಂಬ ಸಿಮೆಂಟಿನ ಧೂಳು, ಒಳಗೆ ಹಸಿ ಸೌದೆ. ಗಾಳಿ ನೋಡಿ ಒಲೆ ಹೂಡುವ ನನ್ನ ವಿದ್ಯೆಗೆ ಅಲ್ಲಿ ಗಾಳಿಯೇ ಇರಲಿಲ್ಲ.

"ಕೊಳಲು ಹೇಗಿದೆ?" ಎಂದು ಭಟ್ಟರು ಕೇಳಿದರು.

"ನಡಿಯುತ್ತೆ," ಎಂದೆ.

ಹುಳಿ ಇಳಿಸಿದೆ, ಪಾಯಸ ಇಳಿಸಿದೆ, ಪಲ್ಯ ಮುಗಿಸಿದೆ. ಒಳಗೆ ಹೋಮ ಮುಗಿಯುವ ಲಕ್ಷಣವಿರಲಿಲ್ಲ. ದೂರದಿಂದ ಬರಬೇಕಾದ ಹಿರಿಯರೊಬ್ಬರು ಮಳೆಯಲ್ಲಿ ಸಿಕ್ಕಿಕೊಂಡಿದ್ದಾರೆ, ಅವರು ಬರುವ ತನಕ ಪೂರ್ಣಾಹುತಿ ಇಲ್ಲ ಎಂದು ಸುದ್ದಿ ಬಂತು. ನೈವೇದ್ಯ ಇನ್ನೂ ಹಿಂದಕ್ಕೆ ಹೋಯಿತು. ಆಂಬೊಡೆ ಕರಿಯಲು ಬಾಣಲೆ ಇಟ್ಟೆ. ಮೊದಲ ಒಬ್ಬೆ ಎಣ್ಣೆಗೆ ಬಿಟ್ಟದ್ದು ನೆನಪಿದೆ. ಆಮೇಲೆ ಶೆಡ್ಡಿನ ಕಂಬ ಹಿಡಿದುಕೊಂಡದ್ದು ನೆನಪಿದೆ. ಮುಂದಕ್ಕೆ ಬಗ್ಗಿದೆ, ತುಟಿ ಸಣ್ಣ ಮಾಡಿದೆ, ಊದಿದೆ. ಹೊರಗೆ ಹೋಗಲು ಉಸಿರೇ ಒಪ್ಪಲಿಲ್ಲ. ಸೀಟಿ ಹೋಗಿ ಗರಗಸದ ಶಬ್ದವಾಯಿತು. ತಗಡಿನ ಶೆಡ್ಡು ಅದನ್ನು ಇನ್ನೂ ದೊಡ್ಡದು ಮಾಡಿತು.

ಆ ಶಬ್ದಕ್ಕೆ ಮಾಧವರಾಯರು ಪಂಚೆ ಎತ್ತಿ ಹಿಡಿದುಕೊಂಡು ಶೆಡ್ಡಿನ ಬಾಯಿಗೆ ಬಂದರು. ಅವರ ಹಿಂದೆ ಕೊಡೆ ಹಿಡಿದ ನಾಲ್ಕು ಜನ ನೆಂಟರು.

"ಏನ್ರೀ ಇದು ಭಟ್ರೇ? ಈತನಿಗೆ ಕ್ಷಯ ಇದ್ದಹಾಗಿದೆ! ಹೊಸ ಮನೆ ಕಣ್ರೀ ಇದು, ಮಕ್ಕಳು ಮರಿ ಎಲ್ಲ ಬಂದಿದ್ದಾರೆ. ಮೊದಲು ಈತನ್ನ ಇಲ್ಲಿಂದ ಕಳಿಸಿ."

ಯಾವ ಮಾತಿಗೆ ಅಷ್ಟು ವರ್ಷ ಹೆದರಿದ್ದೆನೋ ಆ ಮಾತು ನಾಲ್ಕು ಜನರ ಎದುರಿಗೆ ಬಿದ್ದಿತ್ತು. ಆ ಗಳಿಗೆಯಲ್ಲಿ ನನಗೆ ಉಸಿರಿಗಿಂತ ಹೆಚ್ಚಿನ ಚಿಂತೆ ಅದೇ. ಈ ಶೆಡ್ಡಿನಿಂದ ನಾನು ಹೊರಗೆ ನಡೆದರೆ ಮತ್ತೆ ಯಾವ ಅಡುಗೆ ಮನೆಯೊಳಗೂ ಕಾಲಿಡುವ ಹಾಗಿಲ್ಲ. ಇಲ್ಲ, ಅದಲ್ಲ ಎಂದು ಹೇಳಬೇಕು. ಹೇಳಲು ಗಾಳಿ ಬೇಕಲ್ಲ.

ಭಟ್ಟರು ನೇರ ನನ್ನ ಹತ್ತಿರ ಬಂದರು. "ಮಾತ್ರೆ ಎಲ್ಲೋ?"

ಸೊಂಟ ಮುಟ್ಟಿ ತೋರಿಸಿದೆ. ಅವರೇ ಬಿಚ್ಚಿ ತೆಗೆದರು. ನೆಂಟರಿಗೆಂದು ಇಳಿಸಿಟ್ಟಿದ್ದ ಡಿಕಾಕ್ಷನ್ನಿನಿಂದ ಒಂದು ಲೋಟ ಬಗ್ಗಿಸಿ ತಂದರು. ನಾನು ತಲೆಯಾಡಿಸಿದೆ. ನೈವೇದ್ಯ ಆಗಿಲ್ಲ ಎಂದು ಕೈಯನ್ನು ಮನೆಯ ಕಡೆ ಮಾಡಿದೆ.

"ನಂಜುಂಡ, ಬಾಯಿ ತೆಗಿ."

ತೆಗೆದೆ. ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ಲೋಟವನ್ನು ಅವರೇ ಎತ್ತಿ ಹಿಡಿದರು.

ರಾಯರು ಗಾಬರಿಯಾದರು. "ಭಟ್ರೇ! ಒಳಗೆ ಹೋಮ ನಡೀತಾ ಇದೆ! ನೈವೇದ್ಯಕ್ಕೆ ಮುಂಚೆ ಅಡುಗೆಯೋನು ಬಾಯಿಗೆ ಹಾಕ್ಕೊಂಡ್ರೆ ಅಡುಗೆ ಎಲ್ಲ ಏನಾಗಬೇಕು?"

ಭಟ್ಟರು ಲೋಟ ಕೆಳಗಿಟ್ಟು, ಕೈ ಒರೆಸಿಕೊಂಡು ತಿರುಗಿದರು. ಅವರ ಗಂಟಲು ದೊಡ್ಡದು ಎಂದೆನಲ್ಲ, ಅವತ್ತು ಮಾತ್ರ ಮೆಲ್ಲಗೆ ಮಾತಾಡಿದರು.

"ಸ್ವಾಮಿ, ಇದು ಕ್ಷಯ ಅಲ್ಲ, ಉಬ್ಬಸ. ಡಾಕ್ಟ್ರು ಫೋಟೊ ತೆಗೆಸಿ ನೋಡಿದ್ದಾರೆ. ಅಂಟೋದಾಗಿದ್ರೆ ಮೊದಲು ನನಗೆ ಅಂಟಬೇಕಿತ್ತು, ಕೆಲಸಕ್ಕೆ ಹೋದಲ್ಲೆಲ್ಲ ಇವನೂ ನಾನೂ ಒಂದೇ ಜಮಖಾನದ ಮೇಲೆ ಮಲಗೋರು. ಇನ್ನು ಅಡುಗೆ. ಈ ಹುಳಿ, ಈ ಪಾಯಸ, ಈ ಪಲ್ಯ, ಎಲ್ಲ ಇವನ ಕೈದೇ. ಬೇಡ ಅನ್ನಿ, ಈಗಲೇ ಸುರಿಸ್ತೀನಿ. ಪಾತ್ರೆ ತೊಳೆದಿಟ್ಟು ನಾವೆಲ್ಲ ಹೊರಡ್ತೀವಿ. ಇವನೊಬ್ಬನ್ನೇ ಕಳಿಸೋದು ಮಾತ್ರ ಆಗಲ್ಲ."

ತಂಡದವರೆಲ್ಲ ಕೈಕೆಲಸ ನಿಲ್ಲಿಸಿ ಎದ್ದು ನಿಂತಿದ್ದರು. ರಾಯರು ಹುಳಿಯ ಹಂಡೆ ನೋಡಿದರು, ನನ್ನನ್ನು ನೋಡಿದರು.

"ಅಂಟೋದಿಲ್ಲ ತಾನೇ?"

"ಅಂಟಲ್ಲ."

ರಾಯರು ಹೊರಗೆ ಹೋದರು. ಪುರೋಹಿತರನ್ನು ಕರೆತರುತ್ತಾರೆ ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಒಂದು ಮಡಿಸುವ ಕುರ್ಚಿಯನ್ನು ತಾವೇ ಹೊತ್ತು ತಂದು, ಶೆಡ್ಡಿನ ಹೊರಗೆ ಟಾರ್ಪಾಲಿನ ಕೆಳಗೆ ಗಾಳಿ ಬರುವ ಜಾಗದಲ್ಲಿ ಹಾಕಿದರು. "ಇಲ್ಲಿ ಕೂತ್ಕೊಳ್ಳಿ. ಹೊಗೇಲಿ ಇರಬೇಡಿ," ಎಂದು ಒಳಗೆ ಹೋದರು. ಅವರು ಒರಟರಲ್ಲ, ಹೆದರಿದ್ದರು ಅಷ್ಟೆ.

ಕುರ್ಚಿಯ ಮೇಲೆ ಬಗ್ಗಿ ಕೂತು ಊದುತ್ತ ಊದುತ್ತ, ಆಂಬೊಡೆ ಎಲ್ಲ ಕರಿದು ಮುಗಿಯುವ ಹೊತ್ತಿಗೆ ಎದೆಯ ಚೀಲದ ಬಾಯಿ ಸಡಿಲವಾಯಿತು. ಸಾರಿನ ಒಗ್ಗರಣೆಗೆ ನಾನೇ ಎದ್ದು ಹೋದೆ. ಭಟ್ಟರು ತಡೆಯಲಿಲ್ಲ. ಕೊನೆಗೂ ಪೂರ್ಣಾಹುತಿಯಾಗಿ ನೈವೇದ್ಯವಾಯಿತು, ಎಲೆ ಬಿತ್ತು. ಆ ಹಸಿ ಸೌದೆಯಲ್ಲಿ ಅಂಥ ಊಟ ಎಬ್ಬಿಸಿದ್ದಕ್ಕೆ ಈಗಲೂ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತೇನೆ. ಒಂದೇ ಒಂದು ಎಲೆಯಲ್ಲೂ ಪಾಯಸ ಉಳಿಯಲಿಲ್ಲ. ಎಲ್ಲ ಮುಗಿಸಿ ಡಾಕ್ಟರಲ್ಲಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೆ, ಬೈಸಿಕೊಂಡ ಮೇಲೆ.

ಮರುದಿನ ಬೆಳಿಗ್ಗೆ ಭಟ್ಟರ ಮನೆಗೆ ಹೋದರೆ ಅವರು ಹೊಸ ಜನಿವಾರ ಹಾಕಿಕೊಂಡು ಜಪಕ್ಕೆ ಕೂತಿದ್ದರು. ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾರೆ ಎಂದು ಗೊತ್ತಾಯಿತು. ಅವರಪ್ಪನ ಕಾಲದಿಂದ ಒಂದು ದಿನವೂ ಮುರಿಯದ ನಿಯಮ ನನ್ನಿಂದಾಗಿ ಮುರಿದಿತ್ತು. ಅವತ್ತು ಪ್ರಾಣದ ಮೇಲೆ ಬಂತು ಎಂದು ಕೊಟ್ಟರು, ಇನ್ನು ಮುಂದೆ ನನ್ನಂಥವನನ್ನು ಒಲೆಯ ಹತ್ತಿರ ಬಿಡಲಿಕ್ಕಿಲ್ಲ ಎಂದುಕೊಂಡೆ. ಜಾನಕಿಗೆ, ಅಂಗಡಿಯೋ ಹೋಟೆಲೋ ಏನಾದರೂ ನೋಡಬೇಕು ಎಂದೂ ಹೇಳಿಬಿಟ್ಟೆ.

ಮುಂದಿನ ಕೆಲಸ ಯಡಿಯೂರಿನಲ್ಲಿ ಒಂದು ಮುಂಜಿ. ನಸುಕಿಗೆ ಸ್ನಾನ ಮಾಡಿ, ಜಾನಕಿ ಕೋಲಿನಿಂದ ಇಳಿಸಿ ಕಟ್ಟಿಕೊಟ್ಟಿದ್ದ ಮಡಿ ಉಟ್ಟು ಬಂದು ನಿಂತೆ. ಒಲೆ ಇನ್ನೂ ಹಚ್ಚಿರಲಿಲ್ಲ. ಪಕ್ಕದಲ್ಲಿ ಮೂರು ಕಲ್ಲಿಟ್ಟು ಭಟ್ಟರು ಸಣ್ಣ ಉರಿಯಲ್ಲಿ ಏನೋ ಕಾಯಿಸುತ್ತಿದ್ದರು. ಹತ್ತಿರ ಹೋದರೆ ಕಾಫಿಯ ಪರಿಮಳ. ಹಾಲಿಲ್ಲ, ಸಕ್ಕರೆ ಇಲ್ಲ, ಕಪ್ಪಗೆ ಗಟ್ಟಿಯಾಗಿ. ಅದನ್ನು ಎರಡು ಲೋಟಕ್ಕೆ ಬಗ್ಗಿಸಿದರು. ಒಂದನ್ನು ನನ್ನ ಕೈಗೆ ಕೊಟ್ಟು, "ಮಾತ್ರೆ ತಗೋ," ಎಂದರು. ಇನ್ನೊಂದನ್ನು ತಾವು ಹಿಡಿದುಕೊಂಡರು.

ನನಗೆ ಅರ್ಥವಾಗಲಿಲ್ಲ. "ಭಟ್ರೇ, ನೀವ್ಯಾಕೆ? ನಿಮಗೆ ಉಬ್ಬಸ ಇಲ್ವಲ್ಲ."

"ನೀನೊಬ್ಬನೇ ಕುಡಿದ್ರೆ ಅದು ಮೈಲಿಗೆ ಕಣೋ," ಎಂದರು. "ಇಬ್ಬರೂ ಕುಡಿದ್ರೆ ಪದ್ಧತಿ."

ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಇಳಿಸಿದರು. ಕಹಿಗೆ ಮುಖವೆಲ್ಲ ಕಿವುಚಿಕೊಂಡಿತು. ಆಮೇಲೆ ಎದ್ದು ಹೋಗಿ, ಕರ್ಪೂರ ಹಚ್ಚಿ, ದೊಡ್ಡ ಒಲೆಗೆ ಬೆಂಕಿ ಕೊಟ್ಟರು.

ಅವತ್ತಿನಿಂದ ಅದೇ ನಡೆಯಿತು. ಜ್ವರ ಬರಲಿ, ಏಕಾದಶಿ ಬರಲಿ, ಎಂಥ ಆಚಾರವಂತರ ಮನೆಯಾಗಲಿ, ಒಲೆ ಹಚ್ಚುವ ಮೊದಲು ಎರಡು ಲೋಟ. ಕೇಳಿದವರಿಗೆ, "ನಮ್ಮ ತಂಡದ ಪದ್ಧತಿ," ಎಂದಷ್ಟೇ ಹೇಳುತ್ತಿದ್ದರು. ಆ ಕಹಿ ಅವರಿಗೆ ಕೊನೆಯ ತನಕ ಒಗ್ಗಲಿಲ್ಲ. ಆದರೆ ಅವರು ಒಲೆಯ ಮುಂದೆ ನಿಂತಷ್ಟು ವರ್ಷವೂ, ನೈವೇದ್ಯಕ್ಕೆ ಮುಂಚೆ ನಾನು ಒಬ್ಬನೇ ಕುಡಿದ ದಿನ ಒಂದೂ ಇಲ್ಲ.